ಪುಲ್ಲರಿನ ಜಾಗ ಎಲ್ಲಿ?

ಕುಮಟಾ ತಾಲೂಕಿನ ಸಂತೆಗುಳಿಯಂಥ ಊರಿನ ಬೈಕ್ ಗ್ಯಾರೇಜಿನಲ್ಲಿ ಹತ್ತು-ಹನ್ನೆರಡರ ಪಾನಾ ಕಾಣದಾದರೆ ಕೆಲಸ ನಿಲ್ಲುವುದಿಲ್ಲ, ಇನ್ನೊಂದು ಇದ್ದೇ ಇರುತ್ತದೆ. ಮ್ಯಾಗ್ನೆಟ್ ಎಳೆದು ತೆಗೆಯುವ ಪುಲ್ಲರ್, ಕ್ಲಚ್ ಹಿಡಿದಿಡುವ ಹೋಲ್ಡರ್, ವಾಲ್ವ್ ಸ್ಪ್ರಿಂಗ್ ಒತ್ತುವ ಕ್ಲಾಂಪು ಹಾಗಲ್ಲ. ಅಪರೂಪಕ್ಕೆ ಬೇಕಾಗುವ ಈ ಸ್ಪೆಷಲ್ ಟೂಲುಗಳು ಹೊತ್ತಿಗೆ ಸಿಗದಿದ್ದರೆ ಕೈ ತಾನಾಗಿ ಉಳಿ, ಸುತ್ತಿಗೆಯ ಕಡೆ ಹೋಗುತ್ತದೆ. ಕೆಲಸ ನಿಂತರೂ ಅಷ್ಟು ಕೆಡುಕಿಲ್ಲ, ಹೀಗೆ ಮುಂದುವರಿಯುವುದೇ ಅನಾಹುತ. ಕಚ್ಚುಗಳಿರುವ ಕ್ಲಚ್ ನಟ್ಟಿಗೆ ಉಳಿಯಿಟ್ಟು ಹೊಡೆದರೆ ನಟ್ಟು ಬಿಚ್ಚುತ್ತದೆ, ನಿಜ. ಆದರೆ ಕಚ್ಚು ಹರಿದು, ಮುಂದಿನ ಸಲ ಸರಿಯಾದ ಟೂಲಿಗೂ ಹಿಡಿತ ಸಿಗುವುದಿಲ್ಲ.

ದೊಡ್ಡ ವರ್ಕ್‌ಶಾಪುಗಳಲ್ಲಿ ಟೂಲು ಹೊತ್ತಿಗೆ ಸಿಗಲೆಂದೇ ಗೋಡೆಯ ಹಲಗೆಯಿದೆ. ಪ್ರತಿ ಟೂಲಿನ ಆಕಾರವನ್ನು ಬಣ್ಣದಲ್ಲಿ ಬರೆದು ಅದರ ಮೇಲೇ ತೂಗುಹಾಕುತ್ತಾರೆ. ಕೆಲಸದ ಜಾಗವನ್ನು ಅಚ್ಚುಕಟ್ಟಾಗಿಡುವ ಜಪಾನಿನ 5ಎಸ್ ಪದ್ಧತಿ ಪಾಲಿಸುವ ಕಾರ್ಖಾನೆಗಳಲ್ಲೂ ಕಾಣುವ ಈ ಹಲಗೆಯ ದೊಡ್ಡ ಗುಣವೆಂದರೆ ಇಲ್ಲದಿರುವುದನ್ನು ತೋರಿಸುವುದು: ಸಂಜೆ ಶಟರ್ ಎಳೆಯುವ ಮುನ್ನ ಖಾಲಿ ಆಕಾರ ಕಂಡರೆ ಏನೋ ಒಂದು ಹೊರಗೆ ಉಳಿದಿದೆ. ಆದರೂ ಕರಾವಳಿಗೆ ಇದನ್ನು ಇದ್ದಂತೆಯೇ ತರುವುದು ತಪ್ಪು. ವರ್ಷಕ್ಕೆ 3000 ಮಿ.ಮೀ. ಮೀರುವ ಮಳೆ, ಕಡಲ ಕಡೆಯ ತೇವದ ಗಾಳಿ. ದಿನಾ ಎಣ್ಣೆಕೈ ತಾಗುವ ಪಾನಾಕ್ಕೆ ತುಕ್ಕು ಬೇಗ ಹಿಡಿಯದು; ಮಳೆಗಾಲವಿಡೀ ಮುಟ್ಟದ ಪುಲ್ಲರಿನ ಥ್ರೆಡ್ಡಿಗೆ ಹಿಡಿಯುತ್ತದೆ. ಸಂದಿ ಅಳೆಯುವ ಫೀಲರ್ ಗೇಜಿನ 0.05 ಮಿ.ಮೀ. ಎಲೆಯ ಮೇಲೆ ತುಕ್ಕು ಕೂತರೆ ಟ್ಯಾಪೆಟ್ಟಿನ ಅಳತೆಯೇ ಸುಳ್ಳಾಗುತ್ತದೆ.

ಹಾಗಾಗಿ ಹಲಗೆ ದಿನಬಳಕೆಯ ಟೂಲಿಗಿರಲಿ, ಸ್ಪೆಷಲ್ ಟೂಲಿಗೆ ಕೆಲಸಕ್ಕೊಂದು ಮುಚ್ಚಳದ ಡಬ್ಬವೇ ಸರಿ. ಕ್ಲಚ್ಚಿನದು ಒಂದು, ಮ್ಯಾಗ್ನೆಟ್ಟಿನದು ಇನ್ನೊಂದು. ಒಳಗೆ ಆಯಿಲ್ ಬಟ್ಟೆ, ಮುಚ್ಚಳದ ಮೇಲೆ ಒಳಗಿನ ಟೂಲುಗಳ ಎಣಿಕೆ. ನೋಡಲು ಒಂದೇ ಥರದ ಎರಡು ಪುಲ್ಲರುಗಳಲ್ಲಿ ಎಡ ಥ್ರೆಡ್ಡಿನದಕ್ಕೆ ಕೆಂಪು ಬಣ್ಣ ಬಳಿದರೆ ಸಾಕು, ತಪ್ಪು ತಿರುಪು ಹಾಕಿ ಮ್ಯಾಗ್ನೆಟ್ಟಿನ ರೋಟರ್ ಕೆಡಿಸುವ ಭಯವಿಲ್ಲ. ಅನುಭವಿ ಮೇಸ್ತ್ರಿಗೆ ಕಣ್ಣು ಮುಚ್ಚಿದರೂ ಟೂಲು ಸಿಗುತ್ತದೆ, ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಅವರ ಕೈಯ ನೆನಪು ದೊಡ್ಡದೇ. ಆದರೆ ಅದು ಮೇಸ್ತ್ರಿ ಜ್ವರ ಬಂದು ಮಲಗಿದ ದಿನ ಕೆಲಸ ಕಲಿಯುವ ಹುಡುಗನಿಗೆ ಸಿಗುವುದಿಲ್ಲ. ಜಾಗವಿಲ್ಲ ಎಂಬ ಮಾತೂ ನಿಲ್ಲದು. ಡಬ್ಬಗಳನ್ನು ಒಂದರ ಮೇಲೊಂದು ಇಡಬಹುದು.

ಜೂನ್ ಮಳೆ ಹಿಡಿಯುವ ಮೊದಲು ಒಂದು ಮಧ್ಯಾಹ್ನ ಟೂಲು ತುಂಬಿದ ಹಳೆಯ ಕಬ್ಬಿಣದ ಪೆಟ್ಟಿಗೆಯನ್ನು ನೆಲಕ್ಕೆ ಸುರಿಯಿರಿ. ಮೊದಲು ಪುಲ್ಲರುಗಳನ್ನು ಬೇರೆ ಮಾಡಿ.