ಬೀಸುಕಲ್ಲಿನ ಮುಂದಿನ ಪ್ರೀತಿ

ತರಗತಿಯಲ್ಲಿ ಬೀಸುವ ಪದದ ಪಾಠ ನಡೆದಿತ್ತು. ಕರಿಹಲಗೆಯ ಮೇಲೆ 'ಗರತಿಯ ಆದರ್ಶ' ಎಂದು ಬರೆದು ತಿರುಗುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಟೀಚರ್ರೀ, ಇದು ಲವ್ ಸಾಂಗ್ ಅಲ್ಲೇನ್ರೀ?" ಅಂದಳು. ಉಳಿದವರು ನಕ್ಕರು. ನಾನು ಗದರಿಸಿ ಕೂಡಿಸಿದೆ. ಮನೆಗೆ ಬಂದ ಮೇಲೆ, ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು ಅನ್ನಿಸಿತು.

ನಮ್ಮ ಜಿಲ್ಲೆಯ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ತ್ರಿಪದಿಗಳನ್ನು ಕೂಡಿಹಾಕಿ 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. 1933ರಲ್ಲಿ ಲಾವಣಿಗಳ 'ಜೀವನ ಸಂಗೀತ' ಬಂತು. ಆ ಪುಣ್ಯಾತ್ಮರ ಋಣ ದೊಡ್ಡದು. ಆದರೂ ಹೆಸರಿನ ಬಗ್ಗೆ ನನ್ನದೊಂದು ತಕರಾರಿದೆ. 'ಗರತಿ' ಎಂದೊಡನೆ ಹಾಡಿಗೆ ಸೆರಗು ಹೊದಿಸಿದಂತಾಯಿತು. ಗಂಡಸರ ಲಾವಣಿಯಲ್ಲಿ ಪ್ರೀತಿ ಡಪ್ಪು ಬಾರಿಸಿಕೊಂಡೇ ಬಂದರೂ ನಾವು ತಲೆದೂಗುತ್ತೇವೆ. ಬೀಸುಕಲ್ಲಿನ ಹಾಡಿನಲ್ಲಿ ಮಾತ್ರ ಶೀಲವನ್ನಷ್ಟೇ ಹುಡುಕುತ್ತೇವೆ.

ಸುಮಾರು 1300 ವರ್ಷಗಳ ಹಿಂದೆ, ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿ ವೀರನ ಗುಣ ಹಾಡಿತ್ತು. ಬೀಸುಕಲ್ಲಿನ ಮುಂದೆ ಅದೇ ತ್ರಿಪದಿ ತವರು, ಕೂಸು, ಗಂಡನ ಮುನಿಸು, ಒಲವು ಎಲ್ಲವನ್ನೂ ಹಾಡಿತು. ಹಾಡುವಾಗ ನಡುವಿನ ಸಾಲಿನ ತುಣುಕು ಮರುಕಳಿಸಿ, ಮೂರು ಸಾಲು ನಾಲ್ಕಾಗುತ್ತವೆ. ಹೀಗಾಗಿ ಕಡೆಯ ಮಾತು ತುಸು ತಡೆದು ಬರುತ್ತದೆ. ಹೇಳಲೋ ಬೇಡವೋ ಎಂಬ ಆ ತಡೆಯಲ್ಲೇ ಪ್ರೀತಿ ಇದೆ. ಅತ್ತೆ ಮಾವಂದಿರ ಎದುರು ಆಡಲಾಗದ ಮಾತನ್ನು ಕಲ್ಲಿನ ಸಪ್ಪಳದ ಮರೆಯಲ್ಲಿ ಆಡಬಹುದಿತ್ತು.

ನಮ್ಮವ್ವ ನಸುಕಿನಲ್ಲಿ ಜೋಳ ಬೀಸುತ್ತ ಹಾಡುತ್ತಿದ್ದಳು. ಹಗಲಿನಲ್ಲಿ ಎಂದೂ ಅಪ್ಪನ ಹೆಸರು ಹೇಳದವಳು ಹಾಡಿನಲ್ಲಿ ಅದನ್ನು ಸೇರಿಸಿಬಿಡುತ್ತಿದ್ದಳು. ಅಪ್ಪ ಹೊರಸಿನ ಮೇಲೆ ಕಣ್ಣು ಮುಚ್ಚಿ, ಕೇಳದವನ ಹಾಗೆ ಮಲಗಿರುತ್ತಿದ್ದ. ಅವಳ ಹಾಡನ್ನು 'ಆದರ್ಶ' ಎಂದರೆ ಅವ್ವನೇ ನಕ್ಕಾಳು.

ಆಮೇಲೆ ಊರಿಗೆ ಹಿಟ್ಟಿನ ಗಿರಣಿ ಬಂತು. ಅವ್ವನ ರಟ್ಟೆಗೆ ಸುಖವಾಯಿತು, ಕಲ್ಲು ಹಿತ್ತಲು ಸೇರಿತು. ಹಾಡೂ ನಿಂತಿತು.

ನಮ್ಮ ಇಂಗಳೇಶ್ವರದ ಶಿಲಾಮಂಟಪದಲ್ಲಿ ಶರಣರ ವಚನಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಅದನ್ನು ನೋಡಿದಾಗಲೆಲ್ಲ ಅವ್ವನ ನೆನಪು. ಅವಳ ಹಾಡುಗಳೂ ಕಲ್ಲಿನ ಮೇಲೆಯೇ ಹುಟ್ಟಿದ್ದವು. ಬಿ.ಎ., ಬಿ.ಎಡ್. ಓದಿದ ನಾನು ಒಂದನ್ನೂ ಬರೆದಿಟ್ಟುಕೊಳ್ಳಲಿಲ್ಲ. ಅವ್ವ ಈಗಿಲ್ಲ.

ಮರುದಿನ ಆ ಹುಡುಗಿಯನ್ನು ಕರೆದು, "ಹೌದವ್ವಾ, ಲವ್ ಸಾಂಗೇ. ನಿಮ್ಮ ಮನ್ಯಾಗ ಅಜ್ಜಿ ಇದ್ದರ ಕೇಳಿ ಬರಕೊಂಡ ಬಾ" ಅಂದೆ. ಮೂರು ದಿನ ಬಿಟ್ಟು ನೋಟ್‌ಬುಕ್ಕಿನ ಹಾಳೆಯೊಂದನ್ನು ತಂದುಕೊಟ್ಟಳು. ಅದರಲ್ಲಿ ಐದು ತ್ರಿಪದಿಗಳಿದ್ದವು. ಕಾಗುಣಿತ ತಿದ್ದಲು ಕೆಂಪು ಪೆನ್ನು ತೆಗೆದವಳು ಹಾಗೇ ಮುಚ್ಚಿಟ್ಟೆ.