ಪಟ್ಟಿ ಮಾಡುವವರು ಯಾರು? ಗ್ರಂಥ, ಪರಂಪರೆ ಮತ್ತು ಉಮದಿ

1546ರ ಏಪ್ರಿಲ್ 8ರಂದು ಟ್ರೆಂಟ್ ಮಹಾಸಭೆ ಬೈಬಲ್ಲಿಗೆ ಸೇರಿದ ಗ್ರಂಥಗಳನ್ನು ಒಂದೊಂದಾಗಿ ಹೆಸರಿಸಿತು. ಲೂಥರ್ ತನ್ನ ಜರ್ಮನ್ ಅನುವಾದದಲ್ಲಿ ಪ್ರತ್ಯೇಕಿಸಿ ಇಟ್ಟಿದ್ದ ತೋಬಿತ, ಮಕ್ಕಬಿಯರು ಮೊದಲಾದ ಏಳು ಗ್ರಂಥಗಳು ಆ ಪಟ್ಟಿಯಲ್ಲಿ ಉಳಿದವು. ಕಥೋಲಿಕರ ಬೈಬಲ್ಲಿನಲ್ಲಿ 73, ಪ್ರಾಟೆಸ್ಟೆಂಟರದರಲ್ಲಿ 66 ಗ್ರಂಥಗಳಿರುವುದು ಈ ಕಾರಣಕ್ಕೆ. ಬರೆದಿಡದೆ ಬಂದ ಅಪೋಸ್ತಲ ಪರಂಪರೆಗೂ ಗ್ರಂಥಕ್ಕೆ ಸಮನಾದ ಗೌರವ ಸಲ್ಲಬೇಕೆಂದು ಅದೇ ನಿರ್ಣಯ ಸಾರಿತು. ಯಾವ ಗ್ರಂಥವೂ ತನ್ನ ಪಟ್ಟಿಯನ್ನು ತಾನೇ ಹೊತ್ತು ಬರುವುದಿಲ್ಲ. ಅದನ್ನು ಓದುತ್ತ, ಪೂಜೆಯಲ್ಲಿ ಬಳಸುತ್ತ ಬಂದ ಸಮುದಾಯ ಅದನ್ನು ಗುರುತಿಸುತ್ತದೆ ಎಂಬುದು ಕಥೋಲಿಕ ವಾದದ ತಿರುಳು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ‘ದೇಯಿ ವೆರ್ಬುಮ್’ (1965) ಇದನ್ನು ಹದಗೊಳಿಸಿತು. ಅದರ ಪ್ರಕಾರ ಗ್ರಂಥ ಮತ್ತು ಪರಂಪರೆಗಳ ಸೆಲೆ ಒಂದೇ. ಧರ್ಮಸಭೆಯ ಬೋಧನಾಧಿಕಾರ ದೇವವಾಕ್ಯದ ಮೇಲಿನದಲ್ಲ, ಅದರ ಸೇವೆಗಿರುವಂಥದು.

ಈ ವಾದವನ್ನು ಒಪ್ಪದವರಿಗೂ ಅದು ಎತ್ತುವ ಪ್ರಶ್ನೆ ಉಪಯುಕ್ತವಾದುದು. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಆ ಪ್ರಶ್ನೆಯನ್ನು ಕೇಳಲೇಬೇಕಾದ ಊರೊಂದಿದೆ. ಗುರುಲಿಂಗಜಂಗಮ ಮಹಾರಾಜರೆಂದು ಹೆಸರಾದ ನಿಂಬರಗಿ ಮಹಾರಾಜರು ಲಿಂಗಾಯತರು. ಅವರ ಬೋಧೆ ಕನ್ನಡದ್ದು. ಅವರ ಶಿಷ್ಯ ಭಾವೂಸಾಹೇಬ ಮಹಾರಾಜರು (1843–1914) ಉಮದಿಯ ದೇಶಪಾಂಡೆ ಮನೆತನದ ಬ್ರಾಹ್ಮಣರು. ಅವರು ಕಟ್ಟಿದ ಇಂಚಗೇರಿ ಸಂಪ್ರದಾಯದ ನಿತ್ಯನೇಮದಲ್ಲಿ ಪಠಣಕ್ಕೆ ನಿಂತದ್ದು ಸಮರ್ಥ ರಾಮದಾಸರ ಮರಾಠಿ ‘ದಾಸಬೋಧ’. ಎಂದರೆ ಗ್ರಂಥ ಮರಾಠಿಯಲ್ಲಿ, ಗುರುವಾಕ್ಯ ಕನ್ನಡದಲ್ಲಿ. ಜಾತಿ, ಭಾಷೆಗಳೆರಡನ್ನೂ ದಾಟಿ ಬಂದ ಈ ಸಂಪ್ರದಾಯದಲ್ಲಿ ‘ದಾಸಬೋಧ’ಕ್ಕೆ ಅಧಿಕಾರ ದೊರೆತದ್ದು ಗುರು ಅದನ್ನು ಓದಿಸಿದ್ದರಿಂದ. ಟ್ರೆಂಟಿನ ಪಿತೃಗಳು ತಲೆದೂಗಬಹುದಾದ ಸಂಗತಿ!

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಸಂಪ್ರದಾಯಕ್ಕೆ ಮಹಾಸಭೆಯಿಲ್ಲ, ಮುಚ್ಚಿದ ಪಟ್ಟಿಯೂ ಇಲ್ಲ. ಆ ಕೆಲಸವನ್ನು ಇಲ್ಲಿ ವಿದ್ವಾಂಸರು ಮಾಡಿದರು. ಅವರಲ್ಲಿ ಪ್ರಮುಖರಾದ ಜಮಖಂಡಿಯ ಗುರುದೇವ ರಾನಡೆಯವರು ಭಾವೂಸಾಹೇಬರಿಂದಲೇ ನಾಮದೀಕ್ಷೆ ಪಡೆದವರು. ಅವರು ಇಂಗ್ಲಿಷಿನಲ್ಲಿ ಬರೆದ ಮಹಾರಾಷ್ಟ್ರದ ಅನುಭಾವದ ಕುರಿತ ಗ್ರಂಥ 1933ರಲ್ಲಿ ಬಂದಿತು. ಕನ್ನಡ ಸಾಹಿತ್ಯದ ದೇವಪಥವನ್ನು ಕುರಿತದ್ದು ಅವರು ತೀರಿಕೊಂಡ ಮೇಲೆ, 1960ರಲ್ಲಿ. ಮೊದಲನೆಯದು ಜ್ಞಾನೇಶ್ವರರಿಂದ ಹೊರಟು ಕಾಲಕ್ರಮದಲ್ಲಿ ರಾಮದಾಸರನ್ನು ಮುಟ್ಟುತ್ತದೆ. ಎರಡನೆಯದು ಸಾಧನೆಯ ಹಂತಗಳನ್ನು ಹಿಡಿದು ನಡೆಯುತ್ತದೆ. ಹೀಗಾಗಿ ಶರಣರ ವಚನವೂ ದಾಸರ ಪದವೂ ಒಂದೇ ಮೆಟ್ಟಿಲಲ್ಲಿ ಕೂರಬಲ್ಲವು. ಪಂಥದ ಗೋಡೆಯನ್ನು ಇಷ್ಟು ಸಲೀಸಾಗಿ ದಾಟುವ ಈ ವಿಧಾನವೇ ಹೆಚ್ಚು ಸಮರ್ಥವಾದುದು. ಆದರೆ ಭಾಷೆಯ ಗೋಡೆಯನ್ನು ಅದು ಮುಟ್ಟುವುದಿಲ್ಲ. ಎರಡು ಪುಸ್ತಕ, ಎರಡು ಸಾಹಿತ್ಯ; ಅವೆರಡನ್ನೂ ಒಂದೇ ಸಾಧನೆಯಲ್ಲಿ ಬೆಸೆದ ಗುರುವಿನ ಊರು ಎರಡರ ನಡುವೆ ಉಳಿಯುತ್ತದೆ. ರಾನಡೆಯವರು ಸಾಧಕರಾಗಿ ಬದುಕಿದ ಪರಂಪರೆ ಅವರು ವಿದ್ವಾಂಸರಾಗಿ ಹಾಕಿದ ವಿಭಾಗಕ್ಕಿಂತ ದೊಡ್ಡದಾಗಿತ್ತೆಂದೇ ಹೇಳಬೇಕು.

1956ರ ರಾಜ್ಯ ಪುನರ್ವಿಂಗಡಣೆಯ ನಂತರ ಈ ವಿಭಾಗಕ್ಕೆ ಆಡಳಿತದ ಬಲವೂ ಕೂಡಿತು. ಭಾಷಾವಾರು ಸಾಹಿತ್ಯಚರಿತ್ರೆ ಕೃತಿ ಯಾವ ಭಾಷೆಯಲ್ಲಿ ಹುಟ್ಟಿತೆಂದು ಕೇಳುತ್ತದೆ. ಯಾರ ನಡುವೆ, ಯಾವ ಅಧಿಕಾರದಿಂದ ಬಾಳಿತೆಂದು ಕೇಳುವುದು ವಿರಳ. ಎರಡನೆಯ ಪ್ರಶ್ನೆಯನ್ನು ಕೇಳಿದರೆ ‘ದಾಸಬೋಧ’ ಮರಾಠಿಯದಾಗಿದ್ದುಕೊಂಡೇ ಗಡಿಯ ಕನ್ನಡಿಗರ ಗ್ರಂಥಪಟ್ಟಿಯಲ್ಲೂ ಬರುತ್ತದೆ, ನಿಂಬರಗಿ ಮಹಾರಾಜರ ಮಾತು ಮರಾಠಿ ಅನುಭಾವದ ಚರಿತ್ರೆಯೊಳಗೆ ಜಾಗ ಕೇಳುತ್ತದೆ. ಗಡಿಭಾಗದ ಕನ್ನಡ ಪಠ್ಯಕ್ರಮ ರೂಪಿಸುವವರು ಮೊದಲು ಚರ್ಚಿಸಬೇಕಾದದ್ದು ಈ ಎರಡು ಸೇರ್ಪಡೆಗಳನ್ನು.