ತಾನೇ ತಂದ ಸಾಕ್ಷಿ

ವಾದಿಯೇ ಸಾಕ್ಷಿಯನ್ನು ತಯಾರು ಮಾಡಿ ಕಟಕಟೆಯಲ್ಲಿ ನಿಲ್ಲಿಸಿದರೆ ಆ ಮೊಕದ್ದಮೆಯ ಹಣೆಬರಹವೇನೆಂದು ನಾವೆಲ್ಲ ಬಲ್ಲೆವು. ಆದರೆ ವಿಜ್ಞಾನದ ಅಂಗಳದಲ್ಲೂ ಅಂಥದ್ದು ನಡೆಯಬಹುದೆಂದರೆ ನಂಬಲು ಹಿಂಜರಿಯುತ್ತೇವೆ.

ಅಮೆರಿಕದ ಸರಕಾರಿ ಸಂಸ್ಥೆಯಾದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿದ್ದ ಭಾರತ ಮೂಲದ ವಿಜ್ಞಾನಿ ರೂಸಿ ತಲೆಯಾರ್ಖಾನ್ ಮತ್ತು ಸಂಗಡಿಗರು 2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬೆರಗಿನ ಲೇಖನವೊಂದನ್ನು ಪ್ರಕಟಿಸಿದರು. ಡ್ಯುಟೀರಿಯಂ ಇರುವ ಅಸಿಟೋನ್ ದ್ರವದಲ್ಲಿ ಶಬ್ದದ ಅಲೆಗಳನ್ನು ಹಾಯಿಸಿದಾಗ ಗುಳ್ಳೆಗಳು ಹಿಗ್ಗಿ ಕುಸಿಯುತ್ತವೆ. ಆ ಕ್ಷಣದಲ್ಲಿ ಪರಮಾಣು ಬೀಜಗಳು ಬೆಸೆದು ನ್ಯೂಟ್ರಾನ್‌ಗಳು ಹೊಮ್ಮುತ್ತವೆ ಎಂಬುದು ಅವರ ವಾದ. ಸೂರ್ಯನ ಒಡಲಲ್ಲಿ ನಡೆಯುವಂಥ ಕ್ರಿಯೆ ಮೇಜಿನ ಮೇಲೆ! ಅದೇ ಪ್ರಯೋಗಾಲಯದ ಇನ್ನಿಬ್ಬರು ಪರೀಕ್ಷಿಸಿ, ಇಲ್ಲಿ ಸಮ್ಮಿಲನದ ಕುರುಹಿಲ್ಲ ಎಂದರು. ಆದರೂ ಆಸೆ ಬತ್ತಲಿಲ್ಲ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಹಣ ಕೊಟ್ಟಿತು. ಆ ಹಣದಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಪ್ರಯೋಗವನ್ನು ಮತ್ತೆ ಮಾಡಿ ನೋಡಿದರೂ ಫಲ ಕಾಣಲಿಲ್ಲ.

ಅಷ್ಟರಲ್ಲಿ ತಲೆಯಾರ್ಖಾನ್ ಪರ್ಡ್ಯೂ ವಿಶ್ವವಿದ್ಯಾಲಯ ಸೇರಿದ್ದರು. 2006ರಲ್ಲಿ ‘ನೇಚರ್’ ಪತ್ರಿಕೆ ಸಂಶಯಗಳನ್ನು ಬಯಲಿಗಿಟ್ಟಿತು. ವಿಶ್ವವಿದ್ಯಾಲಯವು ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ನಡೆಸಿ, ತಪ್ಪೇನೂ ಇಲ್ಲವೆಂದು ಕೈತೊಳೆದುಕೊಂಡಿತು. 2007ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ಆಕ್ಷೇಪಿಸಿದ ಮೇಲೆಯೇ ಮತ್ತೆ ತನಿಖೆ ನಡೆದದ್ದು.

2008ರ ತೀರ್ಪನ್ನು ಗಮನವಿಟ್ಟು ಓದಬೇಕು. ಅಂಕಿಅಂಶಗಳನ್ನೇ ಸೃಷ್ಟಿಸಿದರೆಂದು ಸಮಿತಿ ಹೇಳಲಿಲ್ಲ. ಅದು ಎತ್ತಿ ಹಿಡಿದ ದೋಷಗಳು ಎರಡು. ತಮ್ಮದೇ ಬಳಗದಲ್ಲಿ ಸಿದ್ಧವಾದ ಪ್ರಬಂಧಕ್ಕೆ, ಅದರಲ್ಲಿ ಗಣನೀಯ ಪಾತ್ರವಿಲ್ಲದ ವಿದ್ಯಾರ್ಥಿಯೊಬ್ಬನ ಹೆಸರು ಸೇರಿಸಿದ್ದು ಒಂದು. ಆ ಪ್ರಬಂಧವನ್ನೇ ತೋರಿಸಿ ‘ನಮ್ಮ ಶೋಧವನ್ನು ಸ್ವತಂತ್ರವಾಗಿ ದೃಢಪಡಿಸಲಾಗಿದೆ’ ಎಂದು ಬರೆದದ್ದು ಇನ್ನೊಂದು. 2009ರಲ್ಲಿ ಅವರಿಗೆ 28 ತಿಂಗಳ ಕಾಲ ಸರಕಾರಿ ಅನುದಾನ ಸಿಗದಂತಾಯಿತು.

ಹೆಸರೊಂದನ್ನು ಸೇರಿಸಿದ್ದು ಇಷ್ಟು ದೊಡ್ಡ ಅಪರಾಧವೇ ಎಂದು ಕೇಳುವವರಿದ್ದಾರೆ. ಹೌದು ಎನ್ನುತ್ತೇವೆ ನಾವು. ಪ್ರಯೋಗ ಸೋತರೆ ಅದು ತಪ್ಪಲ್ಲ. ಸೋಲಿಗೆ ಖರ್ಚಾದ ಹಣವೂ ವ್ಯರ್ಥವಲ್ಲ. ಆದರೆ ನ್ಯೂಟ್ರಾನ್ ಎಣಿಸಲು ಬಾರದ ತೆರಿಗೆದಾರನಿಗೆ ಇರುವ ಆಸರೆ ಒಂದೇ: ಬೇರೊಬ್ಬರು ಪರೀಕ್ಷಿಸಿದ್ದಾರೆಂಬ ಭರವಸೆ. ಆ ಬೇರೊಬ್ಬರೇ ಮನೆಯವರಾದಾಗ ಬೊಕ್ಕಸಕ್ಕಿಂತ ಮೊದಲು ಬರಿದಾಗುವುದು ನಂಬಿಕೆ.

ಇಂಧನದ ಹಸಿವು ಎಲ್ಲ ದೇಶಗಳಿಗೂ ಇದೆ. ಹಸಿದವನಿಗೆ ಪವಾಡ ಮಾರುವುದು ಸುಲಭ. ಆದ್ದರಿಂದ ಶೋಧ ಎಷ್ಟು ದೊಡ್ಡದೆಂದು ಕೇಳುವ ಮುನ್ನ, ಅದನ್ನು ಪರೀಕ್ಷಿಸಿದವರು ಯಾರು, ಸಂಶೋಧಕನಿಗೂ ಅವರಿಗೂ ನಂಟೇನು ಎಂದು ನಾವು ಕೇಳಬೇಕು. ತನ್ನ ಮನೆಯ ತಪ್ಪನ್ನು ತಾನೇ ವಿಚಾರಿಸುವ ಸಂಸ್ಥೆಗೂ ಇದೇ ಪ್ರಶ್ನೆ ಸಲ್ಲುತ್ತದೆ.